ಆಮಂತ್ರಣ ಬದಲಾದರೆ ಅತಿಥಿಯ ಹಕ್ಕೇನು? ಪದೇ ಪದೇ ಕೇಳುವ ಪ್ರಶ್ನೆಗಳು

ದಿನಾಂಕ ಮುಂದಕ್ಕೆ ಹೋಗುತ್ತದೆ, ಊರು ಬದಲಾಗುತ್ತದೆ, ‘ಕುಟುಂಬ ಸಮೇತ’ ಎಂದಿದ್ದ ಕರೆ ‘ಒಬ್ಬರಿಗೆ ಮಾತ್ರ’ ಆಗುತ್ತದೆ. ಇಂಥ ಹೊತ್ತಿನಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಆಮಂತ್ರಣದಲ್ಲಿ ಏನಿತ್ತು ಎಂಬುದಲ್ಲ, ಯಾರ ಹಣ ಯಾರ ಕೈ ಸೇರಿದೆ ಎಂಬುದು. ಕೆಳಗಿನ ಉತ್ತರಗಳೆಲ್ಲ ಈ ಒಂದು ಪ್ರಶ್ನೆಯನ್ನೇ ಸುತ್ತುತ್ತವೆ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದರೂ ಒಪ್ಪಂದದ ಮೂಲತತ್ವಗಳು ಬಹಳ ಕಡೆ ಒಂದೇ ರೀತಿ ಇವೆ. ಅಗತ್ಯ ಬಿದ್ದಲ್ಲಿ ನಿರ್ದಿಷ್ಟ ದೇಶದ ಕಾಯ್ದೆಯನ್ನು ಹೆಸರಿಸಿದ್ದೇವೆ.

‘ಖಂಡಿತ ಬರುತ್ತೇನೆ’ ಎಂದು ಉತ್ತರ ಕೊಟ್ಟಿದ್ದೆ. ಅಲ್ಲಿಗೆ ಒಪ್ಪಂದ ಆದಂತಲ್ಲವೇ?

ಆಗಲಿಲ್ಲ. ಕಾನೂನು ಮಾನ್ಯ ಮಾಡುವ ಒಪ್ಪಂದಕ್ಕೆ ಎರಡೂ ಕಡೆಯಿಂದ ಏನಾದರೊಂದು ಪ್ರತಿಫಲ ಇರಬೇಕು, ‘ಇದು ನಮ್ಮನ್ನು ಕಾನೂನಿನಂತೆ ಕಟ್ಟಿಹಾಕುತ್ತದೆ’ ಎಂಬ ಉದ್ದೇಶವೂ ಇರಬೇಕು. ಮನೆಮಂದಿ ಮತ್ತು ಸ್ನೇಹಿತರ ನಡುವಿನ ಮಾತುಕತೆಯಲ್ಲಿ ಈ ಎರಡನೆಯದು ಇರುವುದಿಲ್ಲ ಎಂದೇ ನ್ಯಾಯಾಲಯಗಳು ಆರಂಭದಲ್ಲಿ ಭಾವಿಸುತ್ತವೆ. 1919ರ ಬಾಲ್ಫರ್ ವಿರುದ್ಧ ಬಾಲ್ಫರ್ ಪ್ರಕರಣದಲ್ಲಿ ಗಂಡ ಹೆಂಡತಿಗೆ ತಿಂಗಳಿಗಿಷ್ಟು ಕೊಡುತ್ತೇನೆಂದು ಹೇಳಿದ್ದ. ಆ ಮಾತು ಒಪ್ಪಂದವೇ ಅಲ್ಲ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಗಂಡ ಹೆಂಡತಿಗೆ ಕೊಟ್ಟ ಮಾತೇ ಹೀಗಾದರೆ, ಹುಟ್ಟುಹಬ್ಬದ ಕರೆಯ ಗತಿ ಊಹಿಸಿಕೊಳ್ಳಿ.

ಇದರಲ್ಲಿ ನಿಮಗೂ ಒಂದು ಅನುಕೂಲವಿದೆ. ಬರುತ್ತೇನೆಂದು ಹೇಳಿ ನೀವು ಹೋಗದಿದ್ದರೆ, ನಿಮಗಾಗಿ ಕಾದಿರಿಸಿದ ಕುರ್ಚಿಯ ಖರ್ಚನ್ನು ಆತಿಥೇಯರು ವಸೂಲಿ ಮಾಡುವಂತಿಲ್ಲ.

ಆಮಂತ್ರಣ ನಂಬಿ ವಿಮಾನದ ಟಿಕೆಟ್ ತೆಗೆದೆ. ಈಗ ದಿನಾಂಕ ಬದಲಾಗಿದೆ. ಆ ಹಣವನ್ನು ಆತಿಥೇಯರು ಕೊಡಬೇಕೇ?

ಬರಿಯ ಆಮಂತ್ರಣವಾಗಿದ್ದರೆ ಕೊಡಬೇಕಿಲ್ಲ. ‘ನೀನು ಟಿಕೆಟ್ ತೆಗೆ, ದುಡ್ಡು ನಾನು ಕೊಡುತ್ತೇನೆ’ ಎಂದು ಹೇಳಿದ್ದರೆ ಮಾತು ಬೇರೆ.

ಭಾರತೀಯ ಒಪ್ಪಂದ ಕಾಯ್ದೆ 1872ರ ಸೆಕ್ಷನ್ 2(ಡಿ) ಪ್ರಕಾರ, ವಾಗ್ದಾನ ಕೊಟ್ಟವರ ಇಚ್ಛೆಯಂತೆ ಇನ್ನೊಬ್ಬರು ಮಾಡಿದ ಕೆಲಸವೇ ಪ್ರತಿಫಲವಾಗುತ್ತದೆ. 1886ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಇಂಥದ್ದೇ ಪ್ರಶ್ನೆ ಬಂದಿತ್ತು. ಹೌರಾದಲ್ಲಿ ಪುರಭವನ ಕಟ್ಟಲು ಒಬ್ಬರು 100 ರೂಪಾಯಿ ವಂತಿಗೆ ಬರೆದಿದ್ದರು. ಆ ಭರವಸೆಯ ಮೇಲೆ ಗುತ್ತಿಗೆದಾರನಿಗೆ ಕೆಲಸ ವಹಿಸಿ ಆಗಿತ್ತು. ವಂತಿಗೆ ಕೊಡಲೇಬೇಕು ಎಂದು ತೀರ್ಪಾಯಿತು. ಟಿಕೆಟ್ ವಿಷಯಕ್ಕೂ ಇದೇ ತರ್ಕ ಹೊಂದುತ್ತದೆ: ಅವರು ಹೇಳಿದ್ದಕ್ಕೆ ನೀವು ಖರ್ಚು ಮಾಡಿದ್ದೀರಿ.

ತೊಡಕು ಬರುವುದು ಪುರಾವೆಯಲ್ಲಿ. ‘ಬೇಗ ಟಿಕೆಟ್ ಮಾಡಿಸಿಬಿಡಿ, ಆಮೇಲೆ ದುಬಾರಿ ಆಗುತ್ತೆ’ ಎಂಬುದು ಸಲಹೆ. ‘ಟಿಕೆಟ್ ಬಿಲ್ ಕಳಿಸಿ, ನಾವು ಭರಿಸುತ್ತೇವೆ’ ಎಂಬುದು ವಾಗ್ದಾನ. ಫೋನಿನಲ್ಲಿ ಮಾತಾಗಿದ್ದರೆ ಅದೇ ದಿನ ಒಂದು ಸಾಲು ಬರೆದು ಕಳಿಸಿ: ‘ನೀವು ಹೇಳಿದಂತೆ ಟಿಕೆಟ್ ತೆಗೆದಿದ್ದೇನೆ, ಬಿಲ್ ಲಗತ್ತಿಸಿದೆ.’ ಅದಕ್ಕೆ ಬರುವ ‘ಸರಿ’ ಎಂಬ ಎರಡಕ್ಷರ ಮುಂದೆ ದೊಡ್ಡ ದಾಖಲೆಯಾಗುತ್ತದೆ.

ಯಾರೂ ಭರಿಸದಿದ್ದರೆ ನನ್ನ ನಷ್ಟ ಕಡಿಮೆ ಮಾಡಿಕೊಳ್ಳುವುದು ಹೇಗೆ?

ಕೋರ್ಟಿನ ಬಾಗಿಲಿಗಿಂತ ಇಲ್ಲಿ ಹೆಚ್ಚು ಹಣ ಉಳಿಯುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಹೋಟೆಲ್ ನೋಡಿ, ಆಮೇಲೆ ವಿಮಾನ. ಹೋಟೆಲಿನ ಉಚಿತ ರದ್ದತಿಗೆ ಗಡುವಿರುತ್ತದೆ. ಆ ಗಡುವನ್ನು ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಗಡಿಯಾರದ ಪ್ರಕಾರ ಲೆಕ್ಕ ಹಾಕುತ್ತಾರೆ, ನಿಮ್ಮ ಊರಿನದ್ದಲ್ಲ. ಪೂರ್ವ ದಿಕ್ಕಿನ ದೇಶಕ್ಕೆ ಬುಕ್ ಮಾಡಿದ್ದರೆ ನಿಮ್ಮಲ್ಲಿ ಇನ್ನೂ ಸಂಜೆಯಿರುವಾಗಲೇ ಅಲ್ಲಿ ದಿನ ಮುಗಿದಿರುತ್ತದೆ.

ವಿಮಾನದಲ್ಲಿ ರದ್ದತಿ ಶುಲ್ಕ ಮತ್ತು ದಿನಾಂಕ ಬದಲಾವಣೆ ಶುಲ್ಕ ಬೇರೆ ಬೇರೆ. ಬದಲಾವಣೆಗೆ ಹೊಸ ದಿನದ ದರವ್ಯತ್ಯಾಸವೂ ಸೇರುವುದರಿಂದ ಎರಡನ್ನೂ ಕೂಡಿಸಿ ಹೋಲಿಸಿ. ‘ಹಣ ವಾಪಸಿಲ್ಲ’ ಎಂಬ ಟಿಕೆಟ್ಟಿನಲ್ಲೂ ಪೂರ್ತಿ ಮೊತ್ತ ಮುಳುಗುವುದಿಲ್ಲ. ಹಾರದ ಪ್ರಯಾಣಕ್ಕೆ ಕಟ್ಟಿದ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣ ಶುಲ್ಕವನ್ನು ಹಲವು ಕಡೆ ಹಿಂದಕ್ಕೆ ಪಡೆಯಬಹುದು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ನೆನಪಿಸುವುದಿಲ್ಲ, ಅಷ್ಟೆ.

ಹೋಗುವ ಟಿಕೆಟ್ ಬಿಟ್ಟು ಬರುವ ಟಿಕೆಟ್ ಮಾತ್ರ ಬಳಸೋಣ ಎಂಬ ಲೆಕ್ಕಾಚಾರ ಬೇಡ. ಒಂದೇ ಬುಕಿಂಗಿನಲ್ಲಿ ಮೊದಲ ಹಾರಾಟ ತಪ್ಪಿಸಿದರೆ ಉಳಿದದ್ದನ್ನು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ರದ್ದು ಮಾಡುತ್ತವೆ.

ಪ್ರಯಾಣ ವಿಮೆಯ ಮೇಲೂ ಹೆಚ್ಚು ಭರವಸೆ ಇಡಬೇಡಿ. ಕಾಯಿಲೆ, ಅಪಘಾತ, ಸಾವು ಇಂಥ ಪಟ್ಟಿಮಾಡಿದ ಕಾರಣಗಳಿಗೆ ಮಾತ್ರ ಸಾಮಾನ್ಯ ಪಾಲಿಸಿ ಹಣ ಕೊಡುತ್ತದೆ. ಆತಿಥೇಯರು ದಿನಾಂಕ ಬದಲಿಸಿದ್ದು ಆ ಪಟ್ಟಿಯಲ್ಲಿರುವುದು ಅಪರೂಪ. ‘ಯಾವುದೇ ಕಾರಣಕ್ಕೆ ರದ್ದತಿ’ ಎಂಬ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಮಾತ್ರ ದಾರಿಯುಂಟು.

ಐರೋಪ್ಯ ಒಕ್ಕೂಟದ ವಿಮಾನ ಪ್ರಯಾಣಿಕರ ನಿಯಮ 261/2004ರ ಅಡಿ ಪರಿಹಾರ ಕೇಳಬಹುದೇ?

ವಿಮಾನ ಸಂಸ್ಥೆ ಹಾರಾಟವನ್ನು ರದ್ದುಮಾಡಿದರೆ ಅಥವಾ ತಡಮಾಡಿದರೆ ಆ ನಿಯಮ. ಕಾರ್ಯಕ್ರಮ ಬದಲಾಗಿದ್ದಕ್ಕೂ ವಿಮಾನ ಸಂಸ್ಥೆಗೂ ಸಂಬಂಧವಿಲ್ಲ.

ಹಣ ಕೊಟ್ಟು ಟಿಕೆಟ್ ಕೊಂಡಿದ್ದೇನೆ. ಆಯೋಜಕರು ತಾವೇ ದಿನಾಂಕ ಬದಲಿಸಿ ‘ಹಳೆಯ ಟಿಕೆಟ್ ಹೊಸ ದಿನಕ್ಕೂ ಮಾನ್ಯ’ ಎಂದಿದ್ದಾರೆ. ಒಪ್ಪಲೇಬೇಕೇ?

ಬೇಕಿಲ್ಲ. ಈಗ ನೀವು ಬರಿಯ ಅತಿಥಿಯಲ್ಲ, ಒಪ್ಪಂದದ ಒಂದು ಪಕ್ಷ. ಒಪ್ಪಂದದ ಷರತ್ತು ಬದಲಿಸಲು ಎರಡೂ ಪಕ್ಷಗಳ ಸಮ್ಮತಿ ಬೇಕು. ಭಾರತದ ಒಪ್ಪಂದ ಕಾಯ್ದೆಯ ಸೆಕ್ಷನ್ 62ರಲ್ಲಿ ಇರುವುದೂ ಅದೇ. ‘ಹಳೆಯ ಟಿಕೆಟ್ ಮಾನ್ಯ’ ಎಂಬುದು ಅವರು ನಿಮ್ಮ ಮುಂದಿಟ್ಟ ಹೊಸ ಪ್ರಸ್ತಾವ. ಒಪ್ಪಬಹುದು, ಬಿಡಬಹುದು.

ಹಾಗೆಂದು ಪ್ರತಿ ಬದಲಾವಣೆಗೂ ಹಣ ವಾಪಸು ಕೇಳಲಾಗದು. ತಿರುಳು ಬದಲಾಯಿತೇ, ಸಿಪ್ಪೆ ಬದಲಾಯಿತೇ ಎಂದು ನೋಡಬೇಕು. ದಿನಾಂಕ, ಊರು, ಯಾರ ಹೆಸರಿನ ಮೇಲೆ ಟಿಕೆಟ್ ಮಾರಿದರೋ ಆ ಮುಖ್ಯ ಕಲಾವಿದ ಅಥವಾ ಭಾಷಣಕಾರ, ಎದುರಾಎದುರು ನಡೆಯಬೇಕಿದ್ದದ್ದು ಆನ್‌ಲೈನ್ ಆಗುವುದು, ಇವು ತಿರುಳು. ಅರ್ಧ ಗಂಟೆ ತಡ, ಅದೇ ಆವರಣದ ಇನ್ನೊಂದು ಸಭಾಂಗಣ, ಪೋಸ್ಟರಿನ ಕೆಳಗೆ ಸಣ್ಣಕ್ಷರದಲ್ಲಿದ್ದ ಹೆಸರೊಂದು ಬಿಟ್ಟುಹೋದದ್ದು, ಇವು ಸಿಪ್ಪೆ. ನಡುವೆ ಬೂದುಬಣ್ಣದ ಪಟ್ಟಿಯೊಂದಿದೆ: ಮುಂದಿನ ಸಾಲಿನ ಸೀಟು ಕೊಂಡವರನ್ನು ಹಿಂದಿನ ಸಾಲಿಗೆ ಕಳಿಸುವುದು, ಮೂರು ದಿನದ ಸಮ್ಮೇಳನವನ್ನು ಎರಡಕ್ಕೆ ಇಳಿಸುವುದು. ಇಲ್ಲಿ ಪೂರ್ತಿ ಹಣಕ್ಕಿಂತ ಬೆಲೆ ಕಡಿತ ಕೇಳಿದರೆ ಬೇಗ ಇತ್ಯರ್ಥವಾಗುತ್ತದೆ.

‘ಟಿಕೆಟ್ ಹಣ ಯಾವ ಕಾರಣಕ್ಕೂ ವಾಪಸಿಲ್ಲ’, ‘ಕಾರ್ಯಕ್ರಮದಲ್ಲಿ ಬದಲಾವಣೆ ಮಾಡುವ ಹಕ್ಕು ನಮ್ಮದು’ ಎಂದು ಷರತ್ತಿನಲ್ಲಿದೆಯಲ್ಲ?

ಮೊದಲ ಸಾಲು ನೀವು ಮನಸ್ಸು ಬದಲಿಸಿದಾಗ ನಿಲ್ಲುತ್ತದೆ. ಅವರೇ ಕಾರ್ಯಕ್ರಮ ಕೊಡದಿದ್ದಾಗ ನಿಲ್ಲುವುದು ಕಷ್ಟ. ಎರಡನೆಯದು ಸಣ್ಣಪುಟ್ಟ ಬದಲಾವಣೆಗೆ ರಕ್ಷಣೆ, ಕಾರ್ಯಕ್ರಮವನ್ನೇ ಬೇರೆ ಮಾಡಲು ಪರವಾನಗಿಯಲ್ಲ. ಒಂದೇ ಕಡೆಗೆ ವಾಲುವ ಇಂಥ ಷರತ್ತುಗಳನ್ನು ಪ್ರಶ್ನಿಸಲು ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಿದೆ. ಭಾರತದ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಕೂಡ ‘ಅನ್ಯಾಯದ ಒಪ್ಪಂದ’ ಎಂಬುದನ್ನು ಸೆಕ್ಷನ್ 2(46)ರಲ್ಲಿ ವ್ಯಾಖ್ಯಾನಿಸಿದೆ.

ಒಂದು ತಪ್ಪು ತಿಳಿವಳಿಕೆ ಆಗಾಗ ಕಾಣುತ್ತದೆ. ಯುರೋಪಿನಲ್ಲಿ ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ಕಾರಣ ಹೇಳದೆ ಕೈಬಿಡಬಹುದು ನಿಜ. ಆದರೆ ನಿಗದಿತ ದಿನದ ಮನರಂಜನಾ ಕಾರ್ಯಕ್ರಮದ ಟಿಕೆಟ್ಟಿಗೆ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವೇ ವಿನಾಯಿತಿ ಕೊಟ್ಟಿದೆ. ಆ ದಾರಿ ಹಿಡಿದು ಸಮಯ ಹಾಳುಮಾಡಬೇಡಿ.

ಉಚಿತ ಕಾರ್ಯಕ್ರಮ, ಆದರೆ ನೋಂದಣಿ ಕಡ್ಡಾಯವಿತ್ತು. ಗ್ರಾಹಕ ದೂರು ಕೊಡಬಹುದೇ?

ಭಾರತದಲ್ಲಿ ಆಗದು. ಶುಲ್ಕವಿಲ್ಲದೆ ಕೊಡುವ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯಾನದಿಂದಲೇ ಹೊರಗಿದೆ. ಬೇರೆ ಕಡೆಯೂ ಹಣ ಕೊಡದವರ ವಾದ ದುರ್ಬಲ.

ಆಯೋಜಕರ ತಪ್ಪೇ ಇಲ್ಲದೆ, ಪ್ರವಾಹದಿಂದಲೋ ಸರ್ಕಾರದ ನಿಷೇಧದಿಂದಲೋ ಕಾರ್ಯಕ್ರಮ ನಿಂತರೆ?

ನಷ್ಟ ಪರಿಹಾರ ಸಿಗುವುದಿಲ್ಲ, ಕೊಟ್ಟ ಹಣ ಸಿಗಬಹುದು. ಇವೆರಡನ್ನು ಬೆರೆಸಿಬಿಡುವುದರಿಂದಲೇ ಬಹುಪಾಲು ಜಗಳ ಹುಟ್ಟುವುದು.

1863ರ ಟೇಲರ್ ವಿರುದ್ಧ ಕಾಲ್ಡ್‌ವೆಲ್ ಪ್ರಕರಣದಲ್ಲಿ ಬಾಡಿಗೆಗೆ ಗೊತ್ತುಮಾಡಿದ್ದ ಸಂಗೀತ ಸಭಾಂಗಣ ಕಾರ್ಯಕ್ರಮಕ್ಕೆ ಮೊದಲೇ ಸುಟ್ಟುಹೋಯಿತು. ಯಾರ ತಪ್ಪೂ ಇರಲಿಲ್ಲವಾದ್ದರಿಂದ ಒಪ್ಪಂದ ಅಲ್ಲಿಗೇ ಮುಗಿಯಿತು ಎಂದಿತು ಕೋರ್ಟು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 1903ರ ಕ್ರೆಲ್ ವಿರುದ್ಧ ಹೆನ್ರಿ. ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕದ ಮೆರವಣಿಗೆ 1902ರ ಜೂನ್ ಕೊನೆಗೆ ನಿಗದಿಯಾಗಿತ್ತು. ಅದನ್ನು ಕಿಟಕಿಯಿಂದ ನೋಡಲೆಂದು ಒಬ್ಬರು ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಕೋಣೆಗಳನ್ನು 75 ಪೌಂಡಿಗೆ ಹಿಡಿದು 25 ಪೌಂಡ್ ಮುಂಗಡ ಕೊಟ್ಟರು. ರಾಜನಿಗೆ ಕಾಯಿಲೆಯಾಗಿ ಮೆರವಣಿಗೆ ಮುಂದೆ ಹೋಯಿತು. ಕೋಣೆಗಳೇನೋ ಇದ್ದವು, ನೋಡಲು ಮೆರವಣಿಗೆಯೇ ಇರಲಿಲ್ಲ. ಬಾಕಿ 50 ಪೌಂಡ್ ಕೊಡಬೇಕಿಲ್ಲ ಎಂದು ತೀರ್ಪಾಯಿತು. ಅದೇ ವರ್ಷದ ಇನ್ನೊಂದು ಪ್ರಕರಣದಲ್ಲಿ, ರಾಜನ ನೌಕಾಪಡೆ ಪರಿಶೀಲನೆ ತೋರಿಸಲು ಹಡಗು ಬಾಡಿಗೆ ಹಿಡಿದವರು ಸೋತರು. ರಾಜ ಬರದಿದ್ದರೂ ನೌಕಾಪಡೆ ಅಲ್ಲೇ ಇತ್ತು, ಸುತ್ತಿ ನೋಡಬಹುದಿತ್ತು. ತಿರುಳು ಮತ್ತು ಸಿಪ್ಪೆಯ ವ್ಯತ್ಯಾಸವನ್ನು ಈ ಜೋಡಿಗಿಂತ ಚೆನ್ನಾಗಿ ಹೇಳುವುದು ಕಷ್ಟ.

ಮುಂಗಡದ ಮಾತು ಬೇರೆ. ಒಪ್ಪಂದ ನಿರರ್ಥಕವಾದಾಗ ಪಡೆದ ಲಾಭ ಹಿಂದಿರುಗಿಸಬೇಕು ಎನ್ನುತ್ತದೆ ಭಾರತದ ಒಪ್ಪಂದ ಕಾಯ್ದೆಯ ಸೆಕ್ಷನ್ 65. ಇಂಗ್ಲೆಂಡಿನಲ್ಲಿ 1943ರ ಕಾಯ್ದೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ, ಆದರೆ ಆಯೋಜಕರು ಆಗಲೇ ಮಾಡಿದ ಖರ್ಚಿಗೆ ಸ್ವಲ್ಪ ಹಿಡಿದಿಟ್ಟುಕೊಳ್ಳಲು ಕೋರ್ಟು ಬಿಡಬಹುದು. ಷರತ್ತಿನಲ್ಲಿ ‘ದೈವಕೃತ ಘಟನೆ’ಯ ಕಲಮು ಇದ್ದರೆ ಮೊದಲು ಅದನ್ನು ಓದಿ. ಟಿಕೆಟ್ ಸರಿಯಾಗಿ ಮಾರಾಟವಾಗದ್ದಕ್ಕೆ ‘ಅನಿವಾರ್ಯ ಕಾರಣ’ ಎಂದು ಬರೆಯುವವರಿದ್ದಾರೆ. ಅದು ವ್ಯಾಪಾರದ ನಷ್ಟ, ದೈವದ ಕೆಲಸವೇನಲ್ಲ. ಕಾರಣವನ್ನು ಲಿಖಿತವಾಗಿ ಕೇಳಿ.

ಸುಮ್ಮನಿದ್ದರೆ ಹೊಸ ದಿನಾಂಕಕ್ಕೆ ಒಪ್ಪಿದಂತೆಯೇ?

ತತ್ವದ ಪ್ರಕಾರ ಅಲ್ಲ. ‘ಉತ್ತರ ಬರದಿದ್ದರೆ ಕುದುರೆ ನನ್ನದು’ ಎಂದು ಬರೆದ ಚಿಕ್ಕಪ್ಪನಿಗೆ 1862ರಲ್ಲೇ ಇಂಗ್ಲೆಂಡಿನ ಕೋರ್ಟು ಮೌನ ಸಮ್ಮತಿಯಲ್ಲ ಎಂದಿತ್ತು. ಆದರೆ ಹಣ ವಾಪಸಿಗೆ ಆಯೋಜಕರು ಕೊಟ್ಟ ಅವಧಿ ಮುಗಿದ ಮೇಲೆ ಈ ತತ್ವ ಹಿಡಿದು ಓಡಾಡುವುದು ನಿಮ್ಮ ಕರ್ಮ. ಅವಧಿಯೊಳಗೇ ಬರೆದುಬಿಡಿ. ಇಷ್ಟು ಸಾಕು:

‘ಮಾರ್ಚ್ 14ರ ಕಾರ್ಯಕ್ರಮಕ್ಕೆ ಎರಡು ಟಿಕೆಟ್ ಕೊಂಡಿದ್ದೆ, ಬುಕಿಂಗ್ ಸಂಖ್ಯೆ ಇಂಥದ್ದು. ಕಾರ್ಯಕ್ರಮ ಏಪ್ರಿಲ್ 25ಕ್ಕೆ ಹೋಗಿದೆ ಎಂದು ಫೆಬ್ರವರಿ 20ರಂದು ಇಮೇಲ್ ಕಳಿಸಿದ್ದೀರಿ. ಹೊಸ ದಿನಾಂಕಕ್ಕೆ ನನ್ನ ಒಪ್ಪಿಗೆಯಿಲ್ಲ. ಟಿಕೆಟ್ ಬೆಲೆ ಮತ್ತು ಬುಕಿಂಗ್ ಶುಲ್ಕ ಸೇರಿ ಪೂರ್ತಿ ಹಣವನ್ನು, ಪಾವತಿಸಿದ ಖಾತೆಗೇ, 14 ದಿನದೊಳಗೆ ಹಿಂದಿರುಗಿಸಿ. ವೋಚರ್ ಬೇಡ.’

ಕೊನೆಯ ಎರಡು ಪದ ಮರೆಯಬೇಡಿ. ವೋಚರ್ ಒಮ್ಮೆ ಬಳಸಿದರೆ ಅಥವಾ ಅದಕ್ಕೆ ‘ಒಪ್ಪಿದೆ’ ಎಂದು ಗುಂಡಿ ಒತ್ತಿದರೆ ನಗದು ಕೇಳುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ.

ಟಿಕೆಟ್ ಮಾರಿದ ಆ್ಯಪ್ ಆಯೋಜಕರ ಕಡೆ ಕೈ ತೋರಿಸುತ್ತದೆ, ಆಯೋಜಕರು ಆ್ಯಪ್ ಕಡೆ. ಯಾರನ್ನು ಹಿಡಿಯಲಿ?

ಇಬ್ಬರಿಗೂ ಒಂದೇ ಇಮೇಲ್ ಕಳಿಸಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವಂತೆ. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಣ ಪಡೆದವರ ಹೆಸರು ಯಾವುದಿದೆ ನೋಡಿ. ಕಾರ್ಡಿನಲ್ಲಿ ಪಾವತಿಸಿದ್ದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕೊಟ್ಟ ಹಣವನ್ನು ಬ್ಯಾಂಕ್ ಮೂಲಕ ಹಿಂಪಡೆಯುವ) ಕೋರಿಕೆ ಸಲ್ಲಿಸುವಾಗ ಬೇಕಾಗುವುದು ಆ ಹೆಸರೇ. ಕಾರಣದ ಜಾಗದಲ್ಲಿ ‘ಸೇವೆ ಸಿಗಲಿಲ್ಲ’ ಎಂದು ಬರೆಯಿರಿ. ‘ನಾನು ರದ್ದು ಮಾಡಿದೆ’ ಎಂದು ಬರೆದರೆ ಕೋರಿಕೆ ಬೇರೆ ವರ್ಗಕ್ಕೆ ಹೋಗಿ, ‘ಹಣ ವಾಪಸಿಲ್ಲ’ ಎಂಬ ಷರತ್ತಿಗೆ ಸಿಕ್ಕಿಬೀಳುತ್ತದೆ. ಗಡುವನ್ನು ನಿಮ್ಮ ಬ್ಯಾಂಕಿನಿಂದಲೇ ಕೇಳಿ ತಿಳಿಯಿರಿ, ಕೆಲವು ಬ್ಯಾಂಕುಗಳು ಬಹಳ ಬಿಗಿ.

ಕಾರ್ಯಕ್ರಮ ಬದಲಾಗಿದೆ ಎಂದು ನನಗೆ ತಿಳಿಸಲೇ ಇಲ್ಲ. ಅಲ್ಲಿಗೆ ಹೋಗಿ ಬಾಗಿಲು ನೋಡಿ ಬಂದೆ.

ಖಾಸಗಿ ಕರೆಯಾಗಿದ್ದರೆ ಅದು ಅಸಭ್ಯತೆ, ಕಾನೂನು ಉಲ್ಲಂಘನೆಯಲ್ಲ. ಟಿಕೆಟ್ ಕೊಂಡಿದ್ದರೆ, ನಿಮ್ಮ ಇಮೇಲ್, ಫೋನ್ ಸಂಖ್ಯೆ ಪಡೆದುಕೊಂಡೂ ಅದರ ಮೂಲಕ ತಿಳಿಸದೆ ಜಾಲತಾಣದಲ್ಲಿ ಮಾತ್ರ ಒಂದು ಸಾಲು ಹಾಕಿದ್ದು ಸೇವೆಯ ಕೊರತೆ ಎಂದು ವಾದಿಸಬಹುದು. ದೂರು ಬರೆಯುವ ಮುನ್ನ ಸ್ಪ್ಯಾಮ್ ಮತ್ತು ‘ಪ್ರಚಾರ’ ವಿಭಾಗಗಳನ್ನು ಹುಡುಕಿ ನೋಡಿ. ಇಂಥ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಅಲ್ಲೇ.

ಮೂಲ ಆಮಂತ್ರಣದಲ್ಲಿ ಏನಿತ್ತು ಎಂದು ಸಾಬೀತು ಮಾಡುವುದು ಹೇಗೆ? ಕ್ಯಾಲೆಂಡರಿನಲ್ಲಿ ಈಗ ಹೊಸ ದಿನಾಂಕವಷ್ಟೇ ಕಾಣುತ್ತಿದೆ.

ಕ್ಯಾಲೆಂಡರ್ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಆದರೆ ಆಮಂತ್ರಣ ಇಮೇಲಿನಲ್ಲಿ ಬಂದಿದ್ದರೆ, ಪ್ರತಿ ಬಾರಿಯೂ ಐಸಿಎಸ್ ಎಂಬ ಸಣ್ಣ ಕಡತವೊಂದು ಲಗತ್ತಾಗಿ ಬಂದಿರುತ್ತದೆ, ಹಳೆಯ ಇಮೇಲಿನಲ್ಲಿ ಹಳೆಯ ಕಡತ ಹಾಗೇ ಉಳಿದಿರುತ್ತದೆ. ಅದನ್ನು ಇಳಿಸಿಕೊಂಡು ಸಾದಾ ಪಠ್ಯ ಸಂಪಾದಕದಲ್ಲಿ ತೆರೆಯಿರಿ. ‘ಯುಐಡಿ’ ಎಂಬ ಸಾಲು ಎರಡೂ ಕಡತದಲ್ಲಿ ಒಂದೇ ಇದ್ದರೆ ಅದೇ ಕಾರ್ಯಕ್ರಮ. ‘ಸೀಕ್ವೆನ್ಸ್’ ಎಂಬ ಸಾಲಿನಲ್ಲಿ ಮೊದಲ ಕಡತಕ್ಕೆ 0, ಮುಖ್ಯ ಬದಲಾವಣೆಯಾದಂತೆಲ್ಲ 1, 2 ಎಂದು ಏರುತ್ತದೆ. ‘ಡಿಟಿಸ್ಟಾರ್ಟ್’ ಸಾಲಿನಲ್ಲಿ ಆರಂಭದ ಸಮಯವಿರುತ್ತದೆ. ಕೊನೆಯಲ್ಲಿ ‘ಝಡ್’ ಅಕ್ಷರವಿದ್ದರೆ ಅದು ಜಾಗತಿಕ ಪ್ರಮಾಣ ಸಮಯ, ನಿಮ್ಮ ಗಡಿಯಾರದ್ದಲ್ಲ. ಸಮಯ ತಪ್ಪಿಸಿಕೊಂಡ ಎಷ್ಟೋ ಮಂದಿ ಎಡವುವುದು ಈ ಒಂದಕ್ಷರದ ಮೇಲೆ.

ವಾಟ್ಸ್‌ಆ್ಯಪ್ ಸಂದೇಶವನ್ನು ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು. ತಿದ್ದಿದ ಗುರುತು ಕಾಣುತ್ತದೆ, ಹಿಂದಿನ ಪಠ್ಯ ಕಾಣುವುದಿಲ್ಲ. ಮುಖ್ಯವಾದ ಆಮಂತ್ರಣ ಬಂದ ಕೂಡಲೇ ಕಳಿಸಿದವರ ಹೆಸರು, ದಿನ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಜಾಲತಾಣದ ಪುಟವಾದರೆ ಹಳೆಯ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಹಳೆಯ ಪ್ರತಿ ಉಳಿದಿರಬಹುದು. ಫೋನನ್ನು ಮಾರುವುದಿದ್ದರೆ ಪ್ರಕರಣ ಮುಗಿದ ಮೇಲೆ ಮಾರಿ. ಭಾರತದಲ್ಲಿ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೊದಲು ಇದು ಸಾಕ್ಷ್ಯ ಕಾಯ್ದೆಯ 65ಬಿ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63.

ಬಾಗಿಲಲ್ಲೇ ತಡೆದು ‘ನಿಮ್ಮ ಹೆಸರು ಪಟ್ಟಿಯಿಂದ ತೆಗೆದಿದೆ’ ಎಂದರು.

ಉಚಿತ ಆಮಂತ್ರಣವೆಂದರೆ ಒಬ್ಬರ ಜಾಗದೊಳಗೆ ಬರಲು ಕೊಟ್ಟ ಅನುಮತಿ. ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳಬಹುದು. ಒಳಗಿದ್ದಾಗ ಹೊರಡಲು ಹೇಳಿದರೆ ಹೊರಡಲು ಬೇಕಾದಷ್ಟು ಸಮಯ ಕೊಡಬೇಕು. ಅದಾದ ಮೇಲೂ ನಿಂತರೆ ನೀವು ಅತಿಕ್ರಮಿಗಳು. ವಾದ ಮಾಡಿ ಗೆಲ್ಲುವ ಜಾಗ ಅದಲ್ಲ.

ಹಣ ಕೊಟ್ಟವರ ಸ್ಥಿತಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1845ರಲ್ಲಿ ಡಾನ್‌ಕಾಸ್ಟರ್ ಕುದುರೆ ಪಂದ್ಯದಿಂದ ಹೊರಹಾಕಿಸಿಕೊಂಡ ಟಿಕೆಟ್‌ದಾರ ಕೋರ್ಟಿನಲ್ಲಿ ಸೋತ. 1915ರ ತೀರ್ಪು ವರದಿಗಳಲ್ಲಿ ದಾಖಲಾದ ಪ್ರಕರಣದಲ್ಲಿ ಚಿತ್ರಮಂದಿರದಿಂದ ಹೊರದಬ್ಬಿಸಿಕೊಂಡವನು ಗೆದ್ದ. ಇಂದು ಎರಡನೆಯ ನಿಲುವೇ ಹೆಚ್ಚು ಗಟ್ಟಿ: ಟಿಕೆಟ್ ಇದ್ದು, ಸರಿಯಾಗಿ ನಡೆದುಕೊಂಡಿದ್ದರೆ ಕಾರಣವಿಲ್ಲದೆ ಹೊರಹಾಕುವುದು ಒಪ್ಪಂದ ಭಂಗ. ಆದರೂ ಜಾಗದಲ್ಲಿ ತಳ್ಳಾಟಕ್ಕಿಳಿಯದೆ, ತಡೆದವರ ಹುದ್ದೆ, ಸಮಯ, ಹೇಳಿದ ಕಾರಣ ಬರೆದುಕೊಂಡು ಹೊರಬನ್ನಿ. ಧರ್ಮ, ಜಾತಿ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ಸಾರ್ವಜನಿಕ ಕಾರ್ಯಕ್ರಮದಿಂದ ಹೊರಗಿಟ್ಟರೆ ಅದು ಪ್ರತ್ಯೇಕ ದೂರು, ಬಹಳ ದೇಶಗಳಲ್ಲಿ ಅದಕ್ಕೆಂದೇ ಕಾನೂನಿದೆ.

ಉಡುಗೊರೆ ಮೊದಲೇ ಕಳಿಸಿದ್ದೆ. ಸಮಾರಂಭವೇ ರದ್ದಾಯಿತು.

ಕೊಟ್ಟು, ಅವರು ಸ್ವೀಕರಿಸಿದ ಉಡುಗೊರೆ ಅವರದ್ದೇ. ಷರತ್ತು ಹಾಕಿ ಕೊಟ್ಟಿದ್ದರೆ ಮಾತ್ರ ಅಪವಾದ. ಇನ್ನೂ ದಾರಿಯಲ್ಲಿದ್ದರೆ ಅಂಗಡಿಗೆ ಇವತ್ತೇ ಫೋನ್ ಮಾಡಿ ತಡೆಯಿರಿ.

ಆತಿಥೇಯರು ಗೊತ್ತುಮಾಡಿದ ಹೋಟೆಲಿನಲ್ಲಿ, ರಿಯಾಯಿತಿ ದರದಲ್ಲಿ ಕೋಣೆ ಬುಕ್ ಮಾಡಿದ್ದೆ. ರದ್ದತಿ ಶುಲ್ಕ ಯಾರದ್ದು?

ದೃಢೀಕರಣ ಪತ್ರದಲ್ಲಿ ಯಾರ ಹೆಸರು, ಯಾರ ಕಾರ್ಡ್ ಇದೆಯೋ ಅವರದ್ದು. ಗುಂಪಿನ ಕೋಣೆಗಳು ತುಂಬದಿದ್ದರೆ ಹೋಟೆಲಿಗೆ ದಂಡ ಕಟ್ಟುವ ಹೊಣೆ ಆತಿಥೇಯರ ಒಪ್ಪಂದದ್ದು, ಅದನ್ನು ಅತಿಥಿಗಳಿಗೆ ಹಂಚುವಂತಿಲ್ಲ. ದಿನಾಂಕ ಬದಲಾದಾಗ ಆತಿಥೇಯರು ಇಡೀ ಗುಂಪನ್ನು ಹೊಸ ದಿನಕ್ಕೆ ಸರಿಸಲು ಮಾತಾಡುತ್ತಿರುತ್ತಾರೆ. ನೀವು ಒಬ್ಬಂಟಿಯಾಗಿ ರದ್ದುಮಾಡುವ ಮುನ್ನ ಒಂದು ಫೋನ್ ಮಾಡಿ ಕೇಳಿದರೆ ಶುಲ್ಕ ಉಳಿಯಬಹುದು.

ಕೋರ್ಟಿಗೆ ಹೋದರೆ ಏನೆಲ್ಲ ಕೇಳಬಹುದು?

ಟಿಕೆಟ್ ಹಣ ಸುಲಭ. ಪ್ರಯಾಣ, ವಸತಿ ಕಷ್ಟ: ಒಪ್ಪಂದ ಮುರಿದರೆ ಇಂಥ ನಷ್ಟವಾಗುತ್ತದೆ ಎಂದು ಒಪ್ಪಂದದ ಹೊತ್ತಿಗೇ ಇಬ್ಬರಿಗೂ ಗೊತ್ತಿರಬೇಕಿತ್ತು ಎಂದು ತೋರಿಸಬೇಕು. 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣದಿಂದ ಬಂದ ಈ ಅಳತೆಗೋಲು ಭಾರತದ ಒಪ್ಪಂದ ಕಾಯ್ದೆಯ ಸೆಕ್ಷನ್ 73ರಲ್ಲೂ ಇದೆ. ಹೊರದೇಶದ ಪ್ರತಿನಿಧಿಗಳನ್ನು ಕರೆದು, ವೀಸಾ ಪತ್ರವನ್ನೂ ಕೊಟ್ಟ ಸಮ್ಮೇಳನದವರು ‘ನೀವು ಪ್ರಯಾಣ ಮಾಡುತ್ತೀರಿ ಎಂದು ಗೊತ್ತಿರಲಿಲ್ಲ’ ಎನ್ನಲಾಗದು. ನಷ್ಟ ತಗ್ಗಿಸಲು ನೀವು ಪ್ರಯತ್ನಿಸಿದ್ದಕ್ಕೂ ದಾಖಲೆ ಬೇಕು. ಬೇಸರಕ್ಕೆ ಪರಿಹಾರ ಅಪರೂಪ, ಆದರೆ ಇಲ್ಲವೆಂದಿಲ್ಲ: 1972ರಲ್ಲಿ ಭರವಸೆ ಕೊಟ್ಟಂತಿರದ ರಜಾ ಪ್ರವಾಸಕ್ಕಾಗಿ ಜಾರ್ವಿಸ್ ಎಂಬವರು ಇಂಗ್ಲೆಂಡಿನಲ್ಲಿ ಅದನ್ನು ಗೆದ್ದರು.

ಭಾರತದಲ್ಲಿ ಗ್ರಾಹಕ ದೂರಿಗೆ ಎರಡು ವರ್ಷದ ಮಿತಿ. 2019ರ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಅದಕ್ಕೂ ಮುಂಚೆ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ.

ನೋಂದಣಿಗೆಂದು ಕೊಟ್ಟ ಪಾಸ್‌ಪೋರ್ಟ್ ಪ್ರತಿ ಆಯೋಜಕರ ಬಳಿಯೇ ಉಳಿದಿದೆ.

ಅಳಿಸಲು ಲಿಖಿತವಾಗಿ ಕೇಳಿ. ಯುರೋಪಿನ ದತ್ತಾಂಶ ರಕ್ಷಣಾ ನಿಯಮದ 17ನೇ ವಿಧಿ ಈ ಹಕ್ಕನ್ನು ಕೊಡುತ್ತದೆ. ಉತ್ತರಿಸಲು ಸಾಮಾನ್ಯವಾಗಿ ಒಂದು ತಿಂಗಳ ಗಡುವು. ಹಣದ ತಕರಾರು ಇನ್ನೂ ಮುಗಿದಿಲ್ಲವಾದರೆ ಪಾಸ್‌ಪೋರ್ಟ್ ಪ್ರತಿಯನ್ನಷ್ಟೇ ಅಳಿಸಲು ಹೇಳಿ. ‘ನನ್ನ ಎಲ್ಲ ಮಾಹಿತಿ ಅಳಿಸಿ’ ಎಂದುಬಿಟ್ಟರೆ ನಿಮ್ಮ ಬುಕಿಂಗ್ ದಾಖಲೆಯೂ ಅದರ ಜೊತೆ ಹೋದೀತು.